ಎಲ್ಬೆ ನದಿಯ ಮಂದ್ರ

ಹ್ಯಾಂಬರ್ಗಿನಲ್ಲಿ ಶನಿವಾರ ಶನಿವಾರ ಹಳೆ ಸಾಮಾನಿನ ಸಂತೆ ಸೇರುತ್ತದೆ. ಒಂದು ಕಾಲಕ್ಕೆ ದನದ ಮಂಡಿ, ಕಸಾಯಿಖಾನೆ ಇದ್ದ ಜಾಗ. ಈಗ ಅಲ್ಲಿ ಅಜ್ಜಿಯರ ಕಾಲದ ಪಿಂಗಾಣಿ ಬಟ್ಟಲು, ನಿಂತುಹೋದ ಗಡಿಯಾರ, ಹಾಳೆ ಹಳದಿಯಾದ ಪುಸ್ತಕ ಎಲ್ಲ ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಗಿರಾಕಿಗೆ ಕಾಯುತ್ತಿರುತ್ತವೆ. ಮೇ ತಿಂಗಳಾದರೂ ಎಲ್ಬೆ ನದಿಯ ಕಡೆಯಿಂದ ಬೀಸುವ ಗಾಳಿಗೆ ನಾನು ಶಾಲನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡಿದ್ದೆ. ಮಗಳು ಒಂದು ಮೇಜಿನ ಮೇಲಿದ್ದ ರೆಕಾರ್ಡುಗಳ ಪೆಟ್ಟಿಗೆಯಲ್ಲಿ ಬೆರಳಾಡಿಸುತ್ತಿದ್ದವಳು ತಟ್ಟನೆ ನಿಂತಳು. "ಅಮ್ಮಾ, ಇಲ್ಲಿ ನೋಡು."

ಹೊದಿಕೆಯ ಮೇಲೆ ರೋಮನ್ ಅಕ್ಷರದಲ್ಲಿ ನಮ್ಮ ನಾಡಿನ ಹೆಸರಿತ್ತು. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಜೊತೆಗೆ ಎಂಬ್ರಿಯೊ ಅನ್ನುವ ಜರ್ಮನ್ ತಂಡದ ಹೆಸರು. ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆಯಿಂದ ಏಳು ಸಾವಿರ ಕಿಲೋಮೀಟರಿಗೂ ದೂರದ ಒಂದು ಸಂತೆಯಲ್ಲಿ, ಯಾರೋ ಪ್ರೀತಿಯಿಂದ ಕೇಳಿ ಕೇಳಿ ಅಂಚು ಸವೆಸಿದ ರೆಕಾರ್ಡಿನ ಮೇಲೆ 'ಕರ್ನಾಟಕ' ಅನ್ನುವುದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಅಂಗಡಿಯವರು ತಲೆ ನರೆತ ಹಿರಿಯರು. ನಾವು ಅದೇ ನಾಡಿನವರು ಅಂತ ಮಗಳು ಜರ್ಮನಿನಲ್ಲಿ ಹೇಳಿದಳು. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು. ಆಮೇಲೆ, ನಿಮ್ಮೂರಿನದನ್ನು ನೀವು ಕೇಳಿಯೇ ಇರುತ್ತೀರಿ, ನಮ್ಮೂರಿನದನ್ನು ಒಂದಿಷ್ಟು ಕೇಳಿ ಅನ್ನುತ್ತ ಪಕ್ಕದ ಪೆಟ್ಟಿಗೆಯಿಂದ ಇನ್ನೊಂದು ರೆಕಾರ್ಡ್ ತೆಗೆದು ಪ್ಲೇಯರಿನ ಮೇಲಿಟ್ಟರು. ಫ್ರಂಪಿ ಅನ್ನುವ ತಂಡದ್ದು, 1971ರದು.

ಮೊದಲು ಆರ್ಗನ್ನಿನ ಅಲೆ ಎದ್ದಿತು. ಅದರ ಮೇಲೆ ಒಂದು ದನಿ. ಹೆಣ್ಣಿನದು, ಆದರೆ ಎದೆಯ ತಳದಿಂದ ಬರುವಂಥದ್ದು. ಅಂಚು ಒರಟು, ಒಳಗೆ ಕಾವು. ನಾಜೂಕಾಗುವ, ಸಿಹಿಯಾಗುವ ಯಾವ ಪ್ರಯತ್ನವೂ ಅದರಲ್ಲಿಲ್ಲ. ಇಂಗಾ ರುಂಫ್ ಅಂತ ಹೆಸರು ಹೇಳಿದರು. ನನ್ನ ಮನಸ್ಸಿಗೆ ಆಗ ಬಂದ ಹೆಸರು ಮಾತ್ರ ಗಂಗೂಬಾಯಿ ಹಾನಗಲ್.

ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ. ಗಂಗೂಬಾಯಿಯವರ ಮೊದಮೊದಲ ರೆಕಾರ್ಡುಗಳು 1930ರ ದಶಕದಲ್ಲಿ 'ಗಾಂಧಾರಿ ಹುಬ್ಳಿ' ಅನ್ನುವ ಹೆಸರಿನಲ್ಲಿ ಬಂದವು. ಆಗ ಅವರದು ಎಳೆಯ, ಏರುದನಿ. ಆಮೇಲೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾಗಿ ದನಿ ಇಳಿಯಿತು, ಗಂಡುದನಿ ಅನ್ನುವಷ್ಟು ಇಳಿಯಿತು. ಬೇರೆ ಯಾರೇ ಆಗಿದ್ದರೂ ಹಾಡು ಬಿಡುತ್ತಿದ್ದರು. ಅವರು ಆ ಇಳಿದ ದನಿಯನ್ನೇ ಹಿಡಿದು ಕಿರಾಣಾ ಘರಾಣೆಯ ಹಾಡುಗಾರಿಕೆಯನ್ನು ಬೆಳೆಸಿದರು, ತೊಂಬತ್ತು ದಾಟುವವರೆಗೂ ಬಾಳಿ ದೇಶಕ್ಕೆಲ್ಲ ಗುರುವಾದರು. ನಾನು ಚಿಕ್ಕವಳಿದ್ದಾಗ ರೇಡಿಯೋದಲ್ಲಿ ಅವರ ದನಿ ಬಂದರೆ ಅಪ್ಪ ಮನೆಯಲ್ಲಿ ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. ಹೆಣ್ಣಿನ ಗಂಟಲಿಗೆ ಇಷ್ಟು ಆಳ ಇರಬಹುದು ಅನ್ನುವುದು ನನಗೆ ಗೊತ್ತಾದದ್ದು ಅಲ್ಲಿಂದ. ಅದೇ ಆಳ ಈಗ ಬೇರೆ ಭಾಷೆಯಲ್ಲಿ, ಬೇರೆ ಸಂಗೀತದಲ್ಲಿ, ಬಂದರಿನ ಊರೊಂದರ ಸಂತೆಯಲ್ಲಿ ಕೇಳುತ್ತಿತ್ತು. ಎರಡು ರೆಕಾರ್ಡನ್ನೂ ಕೊಂಡೆವು. ಆ ಹಿರಿಯರು ಒಂದಕ್ಕೆ ಮಾತ್ರ ದುಡ್ಡು ತೆಗೆದುಕೊಂಡರು.

ಮಾರನೆಯ ದಿನದಿಂದ ನನ್ನ ಹ್ಯಾಂಬರ್ಗ್ ಬದಲಾಯಿತು. ಮಗಳು, ಅಳಿಯಂದಿರು ತೋರಿಸಬೇಕೆಂದಿದ್ದ ಜಾಗಗಳನ್ನೆಲ್ಲ ನಾನು ಆ ದನಿ ಹುಟ್ಟಿದ ಊರು ಅಂತಲೇ ನೋಡಿದೆ.

ಇಂಗಾ ಹುಟ್ಟಿದ್ದು 1946ರ ಆಗಸ್ಟ್ 2ರಂದು, ಇದೇ ಊರಿನಲ್ಲಿ. ತಂದೆ ಹಡಗಿನ ಕೆಲಸದವರು. ಅದಕ್ಕೆ ಮೂರು ವರ್ಷ ಹಿಂದೆ, 1943ರ ಜುಲೈ ಕೊನೆಯ ವಾರದಲ್ಲಿ, ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಹ್ಯಾಂಬರ್ಗಿನ ಮೇಲೆ ಸುರಿದ ಬಾಂಬಿಗೆ ಬೆಂಕಿಯ ಬಿರುಗಾಳಿಯೇ ಎದ್ದು 30 ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೇಂಟ್ ನಿಕೊಲಾಯ್ ಚರ್ಚಿನ ಮೈಯೆಲ್ಲ ಬಿದ್ದು 147 ಮೀಟರಿನ ಗೋಪುರ ಮಾತ್ರ ಉಳಿಯಿತು. ಅದನ್ನು ಹಾಗೆಯೇ ಸ್ಮಾರಕವಾಗಿ ಬಿಟ್ಟಿದ್ದಾರೆ. ಕಪ್ಪಾದ ಕಲ್ಲಿನ ನಡುವೆ ಗಾಜಿನ ಲಿಫ್ಟಿನಲ್ಲಿ ಮೇಲೆ ಹೋಗಿ ಸುತ್ತ ನೋಡಿದರೆ ಈಗ ಹಸಿರು, ನೀರು, ಕ್ರೇನುಗಳು, ಹೊಸ ಕಟ್ಟಡಗಳು. ಈ ಬೂದಿಯ ಮೇಲೆ ಹುಟ್ಟಿದ ಮಕ್ಕಳು ಏನು ಹಾಡಬೇಕಿತ್ತು ಅಂತ ಯೋಚಿಸಿದೆ. ಅಪ್ಪಂದಿರು ಹಾಡಿಕೊಂಡು ನಡೆದ ಕವಾಯತಿನ ಹಾಡುಗಳು ಬಾಯಿಗೆ ತರಲಾಗದಂಥವು. ಹಳ್ಳಿಯ ಹಾಡುಗಳನ್ನೂ ನಾಜಿಗಳು ಬಳಸಿ ಮೈಲಿಗೆ ಮಾಡಿಟ್ಟಿದ್ದರು. ತಮ್ಮದೆನ್ನುವ ಹಾಡೇ ಇಲ್ಲದ ಒಂದು ಪೀಳಿಗೆ ಅದು.

ಅವರ ಕಿವಿಗೆ ಬಿದ್ದದ್ದು ಗೆದ್ದವರ ರೇಡಿಯೋ. ಹ್ಯಾಂಬರ್ಗ್ ಬ್ರಿಟಿಷರ ವಶದಲ್ಲಿತ್ತು. ಊರಿನ ಹಳೆಯ ಸಂಗೀತ ಸಭಾಂಗಣದಿಂದಲೇ ಬ್ರಿಟಿಷ್ ಸೈನಿಕರಿಗಾಗಿ ಪ್ರಸಾರ ನಡೆಯುತ್ತಿತ್ತು. 1962ರಿಂದ ಹೋರ್ಸ್ಟ್ ಲಿಪ್‌ಮನ್ ಮತ್ತು ಫ್ರಿಟ್ಸ್ ರಾವ್ ಅನ್ನುವ ಇಬ್ಬರು ಜರ್ಮನರು ಅಮೆರಿಕದ ಕಪ್ಪು ಬ್ಲೂಸ್ ಗಾಯಕರನ್ನು ವರ್ಷವರ್ಷ ಕರೆಸಿ ಯುರೋಪಿನ ಊರೂರಿನಲ್ಲಿ ಹಾಡಿಸಿದರು. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ವಿಲ್ಲಿ ಡಿಕ್ಸನ್, ಮೆಂಫಿಸ್ ಸ್ಲಿಮ್. ತಮ್ಮ ದೇಶದಲ್ಲಿ ಬಿಳಿಯರ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋಗಲಾಗದಿದ್ದವರು ಇಲ್ಲಿ ದೊಡ್ಡ ಸಭಾಂಗಣಗಳಲ್ಲಿ ಸೂಟು ತೊಟ್ಟು ಹಾಡಿದರು. ಹತ್ತಿಯ ಹೊಲದಲ್ಲಿ ಜೀತಕ್ಕಿದ್ದವರ ಮಕ್ಕಳು ಮೊಮ್ಮಕ್ಕಳು ಹಾಡಿಕೊಂಡ ನೋವಿನಲ್ಲಿ, ಸೋತ ದೇಶದ ಮಕ್ಕಳಿಗೆ ತಮ್ಮ ದನಿ ಸಿಕ್ಕಿತು. ಎಂಥ ದಾರಿ ಅದು! ಆಫ್ರಿಕದಿಂದ ಮಿಸಿಸಿಪ್ಪಿಗೆ, ಅಲ್ಲಿಂದ ಶಿಕಾಗೋಗೆ, ಅಲ್ಲಿಂದ ಹ್ಯಾಂಬರ್ಗಿಗೆ. ಅಷ್ಟು ದೂರ ನಡೆದು ಬಂದರೂ ಬ್ಲೂಸ್ ಬ್ಲೂಸಾಗಿಯೇ ಉಳಿದಿದೆ.

ಬಂದರಿಗೆ ಅಂಟಿಕೊಂಡ ಸೇಂಟ್ ಪೌಲಿ ಬಡಾವಣೆಗೆ ಹೋಗಲು ನನಗೆ ಮೊದಲು ಸಂಕೋಚವೇ ಇತ್ತು. ನಾವಿಕರ ಕೇರಿ, ರಾತ್ರಿಯ ಕೇರಿ. ಬೆಳಗಿನ ಹೊತ್ತು ಹೋದೆವು. ರಸ್ತೆ ತೊಳೆಯುತ್ತಿದ್ದರು. ಬೀಟಲ್ಸ್ ಹುಡುಗರು 1960ರ ಆಗಸ್ಟಿನಲ್ಲಿ ಬಂದು ರಾತ್ರಿಯಿಡೀ ನುಡಿಸಿ ಪಳಗಿದ್ದು ಈ ಬೀದಿಯಲ್ಲೇ. ಬಾರುಗಳ ಸಾಲಿನಲ್ಲೇ ಹದಿನೆಂಟನೆಯ ಶತಮಾನದ ಒಂದು ಕ್ಯಾಥೊಲಿಕ್ ಚರ್ಚು ಇದೆ. ಗದ್ದಲದ ಜಾಗಕ್ಕೂ ದೇವರ ಜಾಗಕ್ಕೂ ನಡುವೆ ಒಂದು ಗೋಡೆಯಷ್ಟೇ ಅಂತರ. ಅದರ ಹತ್ತಿರದ ಒಂದು ಅಂಗಳದಲ್ಲಿ ಕಲ್ಲು ನೆಟ್ಟು ಹೆಸರುಗಳನ್ನು ಕೊರೆದಿದ್ದಾರೆ. ಸ್ಟಾರ್ ಕ್ಲಬ್ ಇದ್ದ ಜಾಗ ಅದು, 1962ರ ಏಪ್ರಿಲಿನಲ್ಲಿ ತೆರೆದು 1969ರ ಕೊನೆಯ ದಿನ ಮುಚ್ಚಿದ್ದು. ಕಟ್ಟಡ ಉಳಿದಿಲ್ಲ. ನಾನು ಆ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದೆ.

ಇಂಗಾ ಹಾಡಲು ಶುರುಮಾಡಿದ್ದು ರಾಕ್‌ನಿಂದಲ್ಲ, ಜನಪದದಿಂದ. 1960ರ ದಶಕದ ನಡುವಿನಲ್ಲಿ ಸಿಟಿ ಪ್ರೀಚರ್ಸ್ ಅನ್ನುವ ತಂಡ ಸೇರಿದರು. ಊರೂರಿನ, ದೇಶದೇಶದ ಜನಪದ ಹಾಡುಗಳನ್ನು ಹಾಡುವ ತಂಡ. ಮುಂದೆ ಜರ್ಮನ್ ಭಾಷೆಯಲ್ಲೇ ರಾಕ್ ಹಾಡಿ ಮನೆಮಾತಾದ ಉಡೊ ಲಿಂಡೆನ್‌ಬರ್ಗ್ ಒಂದಷ್ಟು ಕಾಲ ಇದರಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. 1970ರಲ್ಲಿ ಆ ತಂಡದಿಂದ ಹೊರಬಂದವರು ಕೂಡಿ ಫ್ರಂಪಿ ಕಟ್ಟಿದರು. ಪ್ಯಾರಿಸ್ಸಿನ ಜಾನ್ ಜಾಕ್ ಕ್ರಾವೆಟ್ಸ್ ಆರ್ಗನ್ನಿಗೆ, ಕಾರ್ಸ್ಟೆನ್ ಬೋನ್ ಡ್ರಮ್ಸಿಗೆ, ಕಾರ್ಲ್ ಹೈನ್ಸ್ ಶಾಟ್ ಬಾಸ್ ಗಿಟಾರಿಗೆ. ಮೊದಲ ರೆಕಾರ್ಡಿನಲ್ಲಿ ಮುಖ್ಯ ಗಿಟಾರೇ ಇಲ್ಲ! ರಾಕ್ ತಂಡ, ಆದರೆ ಹಾರ್ಮೋನಿಯಂ ಜೊತೆ ಹಾಡುವ ನಮ್ಮ ನಾಟಕ ಕಂಪನಿಯವರ ಹಾಗೆ ಆರ್ಗನ್ ಮತ್ತು ಕಂಠ. ಗಿಟಾರಿನ ರೈನರ್ ಬೌಮನ್ ಬಂದದ್ದು ಎರಡನೆಯ ರೆಕಾರ್ಡಿಗೆ. ಎರಡೇ ವರ್ಷದಲ್ಲಿ ಜರ್ಮನಿಯ ಪತ್ರಿಕೆಗಳು ಈ ಹುಡುಗಿಯ ಕಂಠವನ್ನು ಹಾಡಿಹೊಗಳಿದವು. 1972ರಲ್ಲಿ ತಂಡ ಒಡೆಯಿತು, ಅದರಿಂದಲೇ ಅಟ್ಲಾಂಟಿಸ್ ಹುಟ್ಟಿತು, ಅದೂ ನಾಲ್ಕು ವರ್ಷ ನಡೆದು ನಿಂತಿತು.

ನನಗೆ ಆಸಕ್ತಿ ಹುಟ್ಟಿಸಿದ್ದು ಅದರ ನಂತರದ ಬದುಕು. ಮೂವತ್ತಕ್ಕೆ ರಾಕ್ ಗಾಯಕಿಯ ಕಥೆ ಮುಗಿಯಿತು ಅನ್ನುವ ಕಾಲ ಅದು. ಇಂಗಾ ಒಂಟಿಯಾಗಿ ಹಾಡಿದರು, ಹಾಡು ಬರೆದರು. ಅವರು ಬರೆದ ಒಂದು ಹಾಡನ್ನು 1980ರ ದಶಕದಲ್ಲಿ ಟೀನಾ ಟರ್ನರ್ ಹಾಡಿ ರೆಕಾರ್ಡ್ ಮಾಡಿದರು. ಬ್ಲೂಸ್ ಹುಟ್ಟಿದ ನೆಲದ ಮಗಳ ಬಾಯಲ್ಲಿ ಹ್ಯಾಂಬರ್ಗಿನ ಹಾಡು! ಕೊಟ್ಟ ಸಾಲ ಬಡ್ಡಿ ಸಮೇತ ಮನೆಗೆ ಬಂದ ಹಾಗಾಯಿತಲ್ಲ. ಆಮೇಲೆ ಹ್ಯಾಂಬರ್ಗಿನ ಸಂಗೀತ ಉನ್ನತ ಶಾಲೆಯಲ್ಲಿ ಎಳೆಯರಿಗೆ ಕಲಿಸಿದರು, ಚರ್ಚುಗಳಲ್ಲಿ ಗಾಸ್ಪೆಲ್ ಹಾಡಿದರು. 2021ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಆತ್ಮಕಥೆ ಬರೆದು ಜೊತೆಗೆ ಹೊಸ ಹಾಡುಗಳನ್ನೂ ಹೊರತಂದರು. ಮಗಳು ಆ ಹಾಡುಗಳನ್ನು ಫೋನಿನಲ್ಲಿ ಹಾಕಿಕೊಟ್ಟಳು. 1971ರ ಹುಡುಗಿಯ ದನಿಯನ್ನೂ ಇದನ್ನೂ ಒಂದರ ಹಿಂದೊಂದು ಕೇಳಿದೆ. ವಯಸ್ಸು ಆ ದನಿಯಿಂದ ಏನನ್ನೂ ಕಸಿದುಕೊಂಡಿಲ್ಲ, ಇನ್ನಷ್ಟು ತಳಕ್ಕೆ ಇಳಿಸಿದೆ.

ಭಾನುವಾರ ಬೆಳಕು ಹರಿಯುವ ಮೊದಲೇ ಅಳಿಯಂದಿರು ಎಬ್ಬಿಸಿದರು. ಎಲ್ಬೆ ದಡದಲ್ಲಿ ಬೇಸಿಗೆಯ ಭಾನುವಾರ ಬೆಳಿಗ್ಗೆ ಐದಕ್ಕೆ ಮೀನಿನ ಸಂತೆ ತೆರೆಯುತ್ತದೆ. ಮೀನು ತಿನ್ನದ ನನಗೆ ಅಲ್ಲೇನು ಕೆಲಸ ಅಂದೆ. ಬನ್ನಿ, ನಿಮಗೆ ಬೇಕಾದದ್ದೇ ಇದೆ ಅಂದರು. ಹಣ್ಣಿನ ಬುಟ್ಟಿ, ಹೂವಿನ ಕುಂಡ, ಮೀನು ಎಲ್ಲವನ್ನೂ ಕೂಗಿ ಕೂಗಿ ಹರಾಜು ಹಾಕುತ್ತಿದ್ದ ಗಾಡಿಗಳನ್ನು ದಾಟಿ ಹೋದರೆ ಕೆಂಪು ಇಟ್ಟಿಗೆಯ, ಗಾಜಿನ ಗುಮ್ಮಟದ ಹರಾಜು ಮಂಟಪ. 1896ರ ಕಟ್ಟಡ. ಒಳಗೆ ಕಾಲಿಟ್ಟರೆ ರಾಕ್ ತಂಡವೊಂದು ಎದೆ ನಡುಗಿಸುವಂತೆ ನುಡಿಸುತ್ತಿದೆ! ನಮ್ಮಲ್ಲಿ ಸುಪ್ರಭಾತದ ಹೊತ್ತು. ರಾತ್ರಿಯೆಲ್ಲ ಕುಣಿದು ಇನ್ನೂ ಮಲಗದ ಹುಡುಗರು, ಆಗತಾನೇ ಎದ್ದು ನಾಯಿಯ ಜೊತೆ ಬಂದ ಮುದುಕರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ಎಲ್ಲ ಒಂದೇ ತಾಳಕ್ಕೆ ಕಾಲು ಹಾಕುತ್ತಿದ್ದರು. ಹಾಡುತ್ತಿದ್ದಾಕೆಗೆ ಐವತ್ತರ ಮೇಲೆ ವಯಸ್ಸು, ಕನ್ನಡಕ, ಅಡುಗೆಮನೆಯಿಂದ ಎದ್ದು ಬಂದ ಹಾಗೆ ಸಾದಾ ಉಡುಪು. ಒಂದು ಬ್ಲೂಸ್ ಎತ್ತಿಕೊಂಡರು. ನಾನು ಕಂಬಕ್ಕೆ ಒರಗಿ ನಿಂತೆ.

ನಿಂತವಳಿಗೆ ಒಂದು ಸಂಗತಿ ಹೊಳೆಯಿತು. ಆಕೆ ಸಂಚರಿಸುತ್ತಿದ್ದ ಸ್ವರಗಳು ನನಗೆ ಗೊತ್ತಿದ್ದವು. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ನಮ್ಮ ಶುದ್ಧ ಧನ್ಯಾಸಿ! ದಾಸರ ಪದವೊಂದನ್ನು ಈ ರಾಗದಲ್ಲಿ ಹಾಡದ ಭಜನಾ ಮಂಡಳಿ ಬೆಂಗಳೂರಿನಲ್ಲಿಲ್ಲ. ಬಸವೇಶ್ವರನಗರದ ನಮ್ಮ ಮಂಡಳಿಯಲ್ಲಂತೂ ಅದಿಲ್ಲದೆ ಮಂಗಳಾರತಿಯೇ ಆಗುವುದಿಲ್ಲ. ಆದರೆ ಬ್ಲೂಸ್ ಗಾಯಕರು ಗಾಂಧಾರದ ಮೇಲೆ ನಿಲ್ಲುವ ರೀತಿ ಬೇರೆ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಪಿಯಾನೊದ ಯಾವ ಮನೆಯಲ್ಲೂ ಸಿಗದ ಒಂದು ಜಾಗದಲ್ಲಿ, ದನಿಯನ್ನು ಬಾಗಿಸಿ ಹಿಡಿಯುತ್ತಾರೆ. ಅಳುವೂ ಅಲ್ಲ, ಅಳು ನುಂಗಿದ್ದೂ ಅಲ್ಲ ಅನ್ನುವ ಭಾವ ಇರುವುದು ಆ ಬಾಗಿನಲ್ಲಿ. ಗಮಕ ಕೇಳಿ ಬೆಳೆದ ಕಿವಿಗೆ ಅದು ಅಪಸ್ವರ ಅನ್ನಿಸುವುದೇ ಇಲ್ಲ. ನನಗೆ ಇಂಗಾ ಅವರ ದನಿ ಮೊದಲ ಕ್ಷಣಕ್ಕೇ ಹತ್ತಿರವಾದದ್ದು ಹೇಗೆ ಅನ್ನುವುದು ಆ ಮೀನಿನ ವಾಸನೆಯ ನಡುವೆ ಅರ್ಥವಾಯಿತು.

ಆದರೆ ಸಂತೆಯಲ್ಲಿ ಸಿಕ್ಕ ಇನ್ನೊಂದು ರೆಕಾರ್ಡ್ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಬೆಂಗಳೂರಿನವಳಾಗಿಯೂ ಅದರ ಕಥೆ ನನಗೆ ಅರ್ಧಂಬರ್ಧ ಮಾತ್ರ ಗೊತ್ತಿತ್ತು. ಮಗಳು ಹುಡುಕಿ ಓದಿ ಹೇಳುತ್ತ ಹೋದ ಹಾಗೆ, ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿಗೆ ಹೋಗಲೇಬೇಕು ಅನ್ನಿಸಿತು. ಲೂಡ್ವಿಗ್ಸ್‌ಬುರ್ಗ್.

ರೈಲು ಹ್ಯಾಂಬರ್ಗಿನಿಂದ ದಕ್ಷಿಣಕ್ಕೆ ಓಡಿತು. ಹಳದಿ ಸಾಸಿವೆಯಂಥ ಹೂವಿನ ಹೊಲಗಳು ಕಿಟಕಿಯ ಉದ್ದಕ್ಕೂ. ಮ್ಯಾನ್‌ಹೈಮ್ ಬಂದಾಗ ನೆಕರ್ ನದಿ ಕಂಡಿತು. ಇಲ್ಲಿನವರು ಜಾಯ್ ಫ್ಲೆಮಿಂಗ್. 1944ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಗಾಯಕಿ. ನೆಕರ್ ಸೇತುವೆಯ ಮೇಲೊಂದು ಬ್ಲೂಸ್ ಕಟ್ಟಿ, ಅದನ್ನು ಪುಸ್ತಕದ ಜರ್ಮನಿನಲ್ಲಿ ಹಾಡದೆ ಮ್ಯಾನ್‌ಹೈಮಿನ ಕೇರಿಯ ಆಡುಮಾತಿನಲ್ಲೇ ಹಾಡಿದವರು. ಇಂಗಾ ಇಂಗ್ಲಿಷಿನಲ್ಲಿ ಹಾಡಿ ಬ್ಲೂಸನ್ನು ಹ್ಯಾಂಬರ್ಗಿಗೆ ತಂದರೆ ಈಕೆ ಅದಕ್ಕೆ ಊರಿನ ನೀರು ಕುಡಿಸಿದರು. ಮಂಡ್ಯದ ಮಾತಿನಲ್ಲೋ ಧಾರವಾಡದ ಮಾತಿನಲ್ಲೋ ಒಬ್ಬಾಕೆ ಬ್ಲೂಸ್ ಹಾಡಿದರೆ ಹೇಗಿರುತ್ತದೆ? ಸ್ಟುಟ್‌ಗಾರ್ಟ್ ಬರುವವರೆಗೂ ನನ್ನ ತಲೆಯಲ್ಲಿ ಅದೇ ನಡೆದಿತ್ತು.

ಇನ್ನು ಎಂಬ್ರಿಯೊ ಕಥೆ. ಮ್ಯೂನಿಕ್ಕಿನಲ್ಲಿ 1969ರಲ್ಲಿ ಕ್ರಿಸ್ಟಿಯಾನ್ ಬುರ್ಕಾರ್ಡ್ ಮತ್ತು ಎಡ್ಗರ್ ಹೋಫ್‌ಮನ್ ಕಟ್ಟಿದ ತಂಡ ಅದು. ರಾಕ್, ಜಾಸ್ ಎರಡನ್ನೂ ಬೆರೆಸಿ ನುಡಿಸುವವರು. ಅಮೆರಿಕದಿಂದ ಕಲಿತದ್ದು ಸಾಲದು ಅನ್ನಿಸಿ 1978ರಲ್ಲಿ ಬಸ್ಸು ಹತ್ತಿ ಪೂರ್ವಕ್ಕೆ ಹೊರಟರು. ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ. ಇರಾನಿನಲ್ಲಿ ಕ್ರಾಂತಿಯ ಕಾವು ಏರುತ್ತಿದ್ದ ಕಾಲ. ಮಡದಿ ಮಕ್ಕಳು, ವಾದ್ಯ, ಧ್ವನಿಮುದ್ರಣದ ಯಂತ್ರ ಎಲ್ಲ ಅದರೊಳಗೇ. ದಾರಿಯುದ್ದಕ್ಕೂ ಸಿಕ್ಕ ಕಲಾವಿದರ ಜೊತೆ ಕೂತು ನುಡಿಸಿದರು. ಆ ಪಯಣವನ್ನು ವೆರ್ನರ್ ಪೆಂಜೆಲ್ ಸಿನಿಮಾ ಮಾಡಿದ್ದಾರೆ. ಈಗ ಆ ದಾರಿಯ ಒಂದೊಂದು ಗಡಿಯನ್ನೂ ಯೋಚಿಸಿ ನೋಡಿ, ಬಸ್ಸಿನಲ್ಲಿ ಕೂತು ಹಾಡಿಕೊಂಡು ದಾಟುವುದಾದೀತೇ?

ಹೀಗೆ ಭಾರತದ ಕಡೆ ತಿರುಗಿದ ಜರ್ಮನ್ ಸಂಗೀತಗಾರರಿಗೆ ಬೆಂಗಳೂರಿನಲ್ಲಿ ಸಿಕ್ಕಿದ ಮನೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಶುರುಮಾಡಿದ ಲಯದ ಪಾಠಶಾಲೆ. ಪಕ್ಕವಾದ್ಯ ಅಂತ ಬದಿಗೆ ಕೂರಿಸುವ ಮೃದಂಗ, ಘಟ, ಖಂಜರಿ, ಮೋರ್ಸಿಂಗುಗಳನ್ನು ನಡುವಿಗೆ ತಂದು 'ತಾಳತರಂಗಿಣಿ' ಅನ್ನುವ ವಾದ್ಯಮೇಳ ಕಟ್ಟಿದವರು ಅವರು. ಅವರ ಮಡದಿ ಆರ್.ಎ. ರಮಾಮಣಿ, ಗಾಯಕಿ. ಮದರಾಸಿನಲ್ಲಿ ಹುಟ್ಟಿ, ಹ್ಯೂಮನ್ ಬಾಂಡೇಜ್ ಅನ್ನುವ ರಾಕ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ರಮೇಶ್ ಶೋತಂ ಇದೇ ಶಾಲೆಯಲ್ಲಿ ದಕ್ಷಿಣದ ತಾಳವಾದ್ಯ ಕಲಿತು ಮುಂದೆ ಜರ್ಮನಿಯ ಕಲೋನಿನಲ್ಲಿ ನೆಲೆಸಿದರು. ಅದೇ ಕಲೋನಿನಲ್ಲಿ ಕೊನೆಯವರೆಗೂ ಬಾಳಿದ ಇನ್ನೊಬ್ಬರು ಚಾರ್ಲಿ ಮರಿಯಾನೊ. ಬಾಸ್ಟನ್ನಿನಲ್ಲಿ ಹುಟ್ಟಿದ, ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ ಸ್ಯಾಕ್ಸಫೋನ್ ವಾದಕ. ನಾಗಸ್ವರಕ್ಕೆ ಮನಸೋತು ತಮಿಳುನಾಡಿನ ಹಳ್ಳಿಯಲ್ಲಿದ್ದುಕೊಂಡು ಅದನ್ನು ಕಲಿತವರು. ಇವರೆಲ್ಲ ಒಂದೆಡೆ ಸೇರಿದ ಫಲವೇ ಸಂತೆಯಲ್ಲಿ ಸಿಕ್ಕ ಆ ರೆಕಾರ್ಡ್, 1980ರದು. ಎಂಬ್ರಿಯೊ ಬಿಟ್ಟು ಹೊರಬಂದವರು ಡಿಸಿಡೆಂಟನ್ ಅನ್ನುವ ಹೊಸ ತಂಡ ಕಟ್ಟಿ 1982ರಲ್ಲಿ 'ಜರ್ಮನಿಸ್ತಾನ್' ಅನ್ನುವ ರೆಕಾರ್ಡ್ ತಂದಾಗಲೂ ಜೊತೆಗಿದ್ದವರು ಮರಿಯಾನೊ ಮತ್ತು ನಮ್ಮ ಬೆಂಗಳೂರಿನವರೇ.

ಲೂಡ್ವಿಗ್ಸ್‌ಬುರ್ಗಿಗೆ ಬರುವವರೆಲ್ಲ ಅರಮನೆ ನೋಡಲು ಬರುತ್ತಾರೆ. 450ಕ್ಕೂ ಹೆಚ್ಚು ಕೋಣೆಗಳ, ಹದಿನೆಂಟನೆಯ ಶತಮಾನದ ಭಾರಿ ಅರಮನೆ. ಚೆಂದವಿದೆ, ಬೇಗ ನೋಡಿ ಮುಗಿಸಿದೆ. ನನಗೆ ಬೇಕಿದ್ದದ್ದು ಟೋನ್‌ಸ್ಟುಡಿಯೊ ಬೌಯರ್. 1949ರಲ್ಲಿ ರೋಲ್ಫ್ ಬೌಯರ್ ಕಟ್ಟಿದ ಧ್ವನಿಮುದ್ರಣ ಮನೆ. ಮ್ಯೂನಿಕ್ಕಿನ ಇಸಿಎಂ ಕಂಪನಿಯ ಎಷ್ಟೋ ರೆಕಾರ್ಡುಗಳು ಇಲ್ಲಿ ಹುಟ್ಟಿವೆ. 1975ರ ಜನವರಿಯಲ್ಲಿ ಕೀತ್ ಜ್ಯಾರೆಟ್ ಕಲೋನಿನಲ್ಲಿ ಒಬ್ಬರೇ ಕೂತು ನುಡಿಸಿದ ಜಗದ್ವಿಖ್ಯಾತ ಪಿಯಾನೊ ಕಛೇರಿಯನ್ನು ಮುದ್ರಿಸಿದ ಮಾರ್ಟಿನ್ ವೀಲಾಂಡ್ ಈ ಸ್ಟುಡಿಯೋದವರು. 1983ರ ಫೆಬ್ರವರಿಯಲ್ಲಿ ಮರಿಯಾನೊ ಜೊತೆ ಬೆಂಗಳೂರಿನ ತಂಡ ಇಲ್ಲಿಗೆ ಬಂತು. ರಮಾಮಣಿ, ಮಣಿ, ಘಟ ಮೋರ್ಸಿಂಗಿನ ಆರ್.ಎ. ರಾಜಗೋಪಾಲ್, ಖಂಜರಿಯ ಟಿ.ಎನ್. ಶಶಿಕುಮಾರ್. 'ಜ್ಯೋತಿ' ಅನ್ನುವ ರೆಕಾರ್ಡ್ ಆಯಿತು.

ಒಳಗೆ ಹೋಗುವ ಆಸೆ ನನಗಿರಲಿಲ್ಲ. ರಸ್ತೆಯ ಎದುರು ಬದಿಯಲ್ಲಿ ನಿಂತು ಇಯರ್‌ಫೋನ್ ಹಾಕಿಕೊಂಡು 'ಜ್ಯೋತಿ'ಯನ್ನು ಮೊದಲಿನಿಂದ ಕೇಳಿದೆ. ಶುರುವಿಗೇ ರಮಾಮಣಿಯವರ ಕಂಠ, ಒಂಟಿಯಾಗಿ. ಮೃದಂಗವಿಲ್ಲ, ಸ್ಯಾಕ್ಸಫೋನಿಲ್ಲ. ಅವರ ದನಿ ಇಂಗಾ ಅವರದರ ಹಾಗೆ ಒರಟಲ್ಲ, ಆದರೆ ಇಬ್ಬರಿಗೂ ಒಂದು ಗುಣ ಸಮಾನ. ತಾನು ನಿಂತ ಜಾಗ ತನ್ನದು ಅನ್ನುವ ನಿಶ್ಚಿಂತೆ. ಇಷ್ಟು ದೂರದ, ಇಷ್ಟು ಚಳಿಯ ಊರಿಗೆ ಬಂದು, ಜಗತ್ತಿನ ಅತ್ಯಂತ ಸೂಕ್ಷ್ಮ ಮೈಕುಗಳ ಮುಂದೆ ಒಬ್ಬ ಹೆಣ್ಣುಮಗಳು ಬರಿಯ ಕಂಠವನ್ನು ಹೀಗೆ ಇಟ್ಟಿದ್ದಾರಲ್ಲ! ಆಮೇಲೆ ವಾದ್ಯಗಳು ಒಂದೊಂದಾಗಿ ಬರುತ್ತವೆ. ಮರಿಯಾನೊ ಅವರ ಕೊಳಲು, ಸ್ಯಾಕ್ಸಫೋನ್ ಆಕೆಯ ಸ್ವರದ ಪಕ್ಕದಲ್ಲಿ ನಡೆಯುತ್ತವೆ, ಮುಂದೆ ಓಡುವುದಿಲ್ಲ. ಬಾಯಲ್ಲಿ ಹೇಳುವ ಸೊಲ್ಲುಕಟ್ಟು ಬಂದಾಗ ನನ್ನ ಬೆರಳು ತಾನಾಗಿ ಎಣಿಕೆಗೆ ಬಿತ್ತು.

ಫೆಬ್ರವರಿಯ ಜರ್ಮನಿಯಲ್ಲಿ ಮೃದಂಗದ ಗತಿಯೇನಾಗಿತ್ತೋ ಅನ್ನುವ ಯೋಚನೆಯೂ ಬಂತು. ಹೊರಗೆ ಕೊರೆವ ಚಳಿ, ಒಳಗೆ ಹೀಟರಿನ ಒಣ ಬಿಸಿ. ಚರ್ಮ ಒಣಗಿ ಬಿಗಿದರೆ ಶ್ರುತಿ ಏರುತ್ತದೆ, ತೇವ ಸೋಕಿದರೆ ಇಳಿಯುತ್ತದೆ. ಎಡಭಾಗಕ್ಕೆ ಹಚ್ಚಿದ ರವೆಯ ಹಿಟ್ಟು ನೋಡನೋಡುತ್ತಲೇ ಒಣಗುತ್ತದೆ. ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿ ಸೇರಿಸಿ, ಮತ್ತೆ ಹಿಟ್ಟು ಕಲಸಿ ಹಚ್ಚಿ ಕೂರಬೇಕು. ರೆಕಾರ್ಡಿನಲ್ಲಿ ಆ ಪಾಡು ಒಂದಿಷ್ಟೂ ಕೇಳುವುದಿಲ್ಲ. ಮೃದಂಗದ ಗುಮಕಿ ದೇವಸ್ಥಾನದ ಪ್ರಾಕಾರದಲ್ಲಿ ಕೂತು ಕೇಳಿದಷ್ಟು ತುಂಬಿಕೊಂಡಿದೆ.

ನನಗೆ ಈ ಕಥೆಯಲ್ಲಿ ಅತಿ ದೊಡ್ಡದೆನ್ನಿಸಿದ್ದು ಇದು. ಆ ಕಾಲದಲ್ಲಿ ಪಶ್ಚಿಮದ ಎಷ್ಟೋ ರಾಕ್ ತಂಡಗಳು ಸಿತಾರಿನ ಎರಡು ಮೀಟು, ಊದುಬತ್ತಿಯ ಹೊಗೆ ಸೇರಿಸಿಕೊಂಡು ಭಾರತ ಅಂತ ಹೆಸರಿಟ್ಟವು. ಬೆಂಗಳೂರಿನವರು ಹಾಗೆ ಒಗ್ಗರಣೆಯಾಗಿ ಹೋಗಲಿಲ್ಲ. ಪಾಠಶಾಲೆಯಾಗಿ ಹೋದರು. ಐದರ, ಏಳರ, ಒಂಬತ್ತರ ನಡೆಯನ್ನು ಜರ್ಮನ್ ಡ್ರಮ್ಮರುಗಳಿಗೆ ಕೈಯಲ್ಲಿ ತಟ್ಟಿ ತೋರಿಸಿದ್ದು ಅವರು, ರೆಕಾರ್ಡಿನ ಮೇಲಿನ ಹೆಸರಿನಲ್ಲೂ ಸರಿಸಮ ನಿಂತರು. ಟಿ.ಎ.ಎಸ್. ಮಣಿ 2020ರಲ್ಲಿ ತೀರಿಕೊಂಡರು. ಅವರನ್ನು ನೆನೆಯುವ ಕಿವಿಗಳು ಮ್ಯೂನಿಕ್, ಕಲೋನಿನಲ್ಲಿ ಇರುವಷ್ಟೂ ನಮ್ಮೂರಿನಲ್ಲಿ ಇರಬೇಕಿತ್ತು ಅನ್ನುವುದು ನನ್ನ ಆಸೆ. ಪಶ್ಚಿಮ ಬೆಂಗಳೂರಿನ ನಮಗೆ ಗಿಟಾರ್ ಅಂದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾ, ಇಲ್ಲವೇ 1981ರ 'ಗೀತಾ' ಸಿನಿಮಾದ ಶಂಕರ್‌ನಾಗ್. ಮೃದಂಗ ಅಂದರೆ ರಾಮನವಮಿಯ ಕಛೇರಿ. ಇವೆರಡೂ ಒಂದೇ ಚಾಪೆಯ ಮೇಲೆ ಕೂತು ಮಾತಾಡಿದ್ದು, ಅದೂ ನಮ್ಮ ಊರಿನಿಂದಲೇ ಹೊರಟು, ನಮಗೆ ತಿಳಿದದ್ದು ಬಹಳ ಕಡಿಮೆ.

ಊರಿಗೆ ಬಂದ ಮೇಲಿನ ಮೊದಲ ಶನಿವಾರ ಭಜನೆಗೆ ಹೋದೆ. ನಮ್ಮ ಮಂಡಳಿ ಕೂಡುವುದು ಕೆಎಚ್‌ಬಿ ಕಾಲೊನಿಯ ಒಂದು ಮನೆಯ ಹಾಲಿನಲ್ಲಿ. ಮುಂದಿನ ಸಾಲಿನಲ್ಲಿ ಗಟ್ಟಿ ದನಿಯ ಕಿರಿಯರು, ಗೋಡೆಯ ಪಕ್ಕ ಕುರ್ಚಿಗಳಲ್ಲಿ ಅರವತ್ತು ಎಪ್ಪತ್ತು ದಾಟಿದವರು. ಶ್ರುತಿಪೆಟ್ಟಿಗೆ ಎಂದಿನಿಂದಲೂ ಐದೂವರೆ ಮನೆ. ವಯಸ್ಸಾಗಿ ದನಿ ಇಳಿದವರಿಗೆ ಅದು ಎಟುಕುವುದಿಲ್ಲ. ಅವರು ತಾಳ ಹಾಕುತ್ತಾರೆ, ಪಲ್ಲವಿಯಲ್ಲಿ ತುಟಿ ಆಡಿಸುತ್ತಾರೆ. ಇಷ್ಟು ವರ್ಷ ನಾವು ಯಾರೂ ಅದನ್ನು ಕೊರತೆ ಅಂದುಕೊಂಡಿರಲಿಲ್ಲ, ವಯಸ್ಸಾದರೆ ಹಾಗೇ ಅಂತಿದ್ದೆವು.

ಮಂಗಳಾರತಿಗೆ ಮುಂಚೆ ನಾನು ಫೋನಿನಲ್ಲಿ ಇಂಗಾ ರುಂಫ್ ಅವರ ಎಪ್ಪತ್ತೈದರ ದನಿಯನ್ನು ಹಾಕಿ ಸುತ್ತಲೂ ಕೇಳಿಸಿದೆ. ಭಾಷೆ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಗೋಡೆಯ ಪಕ್ಕದ ಹಿರಿಯಾಕೆಯೊಬ್ಬರು, ಒಂದು ಕಾಲಕ್ಕೆ ಆಕಾಶವಾಣಿಯ ಗೀತಗಾಯನ ತಪ್ಪದೆ ಕೇಳಿ ಕಲಿತವರು, ಕಣ್ಣು ಮುಚ್ಚಿ ಆಲಿಸಿ ಕೇಳಿದರು. "ಈಯಮ್ಮಂಗೆ ಎಷ್ಟು ವಯಸ್ಸು?" ಹೇಳಿದೆ. "ನನಗಿಂತ ಎರಡು ವರ್ಷ ದೊಡ್ಡೋರು. ಎಷ್ಟು ಮನೆ ಶ್ರುತಿ ಅದು?" ಹಾರ್ಮೋನಿಯಂ ಹಿಡಿದಿದ್ದವರು ಒಂದೊಂದೇ ಮನೆ ಒತ್ತಿ ಹುಡುಕತೊಡಗಿದರು. ಮುಂದಿನ ಸಾಲಿನ ಹುಡುಗಿಯರು ತಿರುಗಿ ಕೂತರು.

"ಶುದ್ಧ ಧನ್ಯಾಸಿ ಇವತ್ತು ನಾಲ್ಕು ಮನೆಗೆ ಇಡಿ," ಅಂದೆ. "ಹಿಂದಿನ ಸಾಲಿನವರು ಎತ್ತಿಕೊಳ್ಳಲಿ, ಮುಂದಿನವರು ಹಿಂದೆ ಬರಲಿ."

ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿತು. ಆ ಹಿರಿಯಾಕೆ ತಾಳವನ್ನು ಪಕ್ಕದವರ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಪಂಚಮದಿಂದ ಕೆಳಗೆ ಷಡ್ಜಕ್ಕೆ ಒಂದು ಸಲ ಇಳಿದು ನೋಡಿ, ಪಲ್ಲವಿ ಎತ್ತಿಕೊಂಡರು. ಮುಂದಿನ ಶನಿವಾರ ಯಾವ ಶ್ರುತಿ ಅನ್ನುವ ಮಾತು ಕಾಫಿ ಮುಗಿಯುವವರೆಗೂ ನಡೆಯಿತು.